ಅಂಗೈ ಕಣ್ಣಿನ ಮಟ್ಟಕ್ಕೆ

9 ಜೂನ್, ಸೋಮವಾರ. ಬೆಳಿಗ್ಗೆ 7:10
ಇವತ್ತೂ ಪೂಜೆಯಲ್ಲಿ ಎಡಗೈ ಎದೆಯ ಹತ್ತಿರವೇ ನಿಂತಿತು. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕಣ್ಣಿನ ನೇರಕ್ಕೆ ಎತ್ತಬೇಕು. ಏರುವುದಿಲ್ಲ. ಡಾಕ್ಟರ್ ಹೇಳಿದ್ದು ಫ್ರೋಜನ್ ಶೋಲ್ಡರ್. ಫ್ರೀಜ್, ಫ್ರೋಜ್, ಫ್ರೋಜನ್ — ಬಿ.ಎ.ಯಲ್ಲಿ ಬಾಯಿಪಾಠ ಮಾಡಿದ್ದು ಈಗ ಮೈಗೆ ಬಂತು. ಅದೂ ಹರಪನಹಳ್ಳಿಯ ಬಿಸಿಲಲ್ಲಿ.
ಮೂರು ತಿಂಗಳಿಂದ ನನ್ನದೇ ಒಂದು ಉಪಾಯ. ಕೈ ಮೇಲೆ ಬಾರದಿದ್ದರೆ ತಲೆಯನ್ನೇ ಕೆಳಗೆ ಒಯ್ಯುವುದು. ಯಾರಿಗೂ ಹೇಳಿಲ್ಲ. ತಂದೆಯವರು ಎಂಬತ್ತೊಂದರಲ್ಲೂ ನೆಟ್ಟಗೆ ಕೂತು ಹಿಡಿಯುತ್ತಿದ್ದರು. ಶ್ರಾವಣದ ಮೊದಲ ಸೋಮವಾರದೊಳಗೆ ನನ್ನ ಕೈಯೂ ಏರಬೇಕು.
ಸೊಸೆ ಸುಕನ್ಯಾ ಗರಡಿಮನೆಯ ವಸ್ತಾದ್ ದೊಡ್ಡಬೀರಪ್ಪನವರ ಹೆಸರು ಹೇಳಿದಳು. ಕುಸ್ತಿ ಕಲಿಸುವವರು, ಪೈಲ್ವಾನರ ಮೈ ತಿಕ್ಕುವವರು. ನಾನೇನು ಪೈಲ್ವಾನನೇ? ಹೌಎವರ್… ನಾಳೆ ನೋಡೋಣ.

12 ಜೂನ್, ಗುರುವಾರ
ನಾಳೆ ಅಂದು ಮೂರು ದಿನ. ಇವತ್ತು ಹೋದೆ. ಚಾಪೆ, ಬೆಚ್ಚಗಿನ ಔಡಲೆಣ್ಣೆ. ಅಂಗಿ ತೆಗೆದರೆ ಲಿಂಗ ಕಟ್ಟಿದ ಶಿವದಾರ ಭುಜಕ್ಕೆ ಅಡ್ಡ. ಲಿಂಗವನ್ನು ಮೈಯಿಂದ ದೂರ ಇಡುವಂತಿಲ್ಲ, ಅದು ವಸ್ತಾದರಿಗೂ ಗೊತ್ತು.
"ಬಲಗೈಯಾಗ ಹಿಡ್ಕೊಂಡು ಕುಂದರ್ರಿ ಅಯ್ಯನೋರ. ಬಿಗಿ ಬ್ಯಾಡ. ಆ ಮುಷ್ಟಿ ಬಿಗಿದ್ರ ಈ ಭುಜಾನೂ ಬಿಗೀತೈತಿ."
ಮೊದಲು ಒತ್ತಲೇ ಇಲ್ಲ. ಸುಮ್ಮನೆ ಅಂಗೈ ಇಟ್ಟರು, ಬಹಳ ಹೊತ್ತು. ಹೆಂಡತಿ ಪುಷ್ಪಲತಾ ಹೋಗಿ ಎರಡು ವರ್ಷ. ಅಲ್ಲಿಂದ ಹೀಗೆ ಒಬ್ಬರ ಕೈ ಮೈಮೇಲೆ… ಇರಲಿ. ಬರೆಯಬೇಕಾದ್ದು ಭುಜದ ವಿಷಯ.

20 ಜೂನ್, ಶುಕ್ರವಾರ
ಐದು ಸಲ ಆಯಿತು. ಗ್ರಾಜುಯಲಿ ಏರುತ್ತಿದೆ. ಗೋಡೆಗೆ ಪೆನ್ಸಿಲ್ ಗುರುತು ಹಾಕಿದ್ದೇನೆ, ಗದ್ದದ ತನಕ ಬಂತು. ಆದರೆ ಕುತ್ತಿಗೆ ಹಿಡಿದಿದೆ. ವಸ್ತಾದರಿಗೆ ಕಿರಿಕಿರಿ. ಮನೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿಯೇ ಕೇಳಿದರು. ತಲೆ ಬಗ್ಗಿಸುವ ಉಪಾಯ ಹೇಳಬೇಕಾಯಿತು. ಎಣ್ಣೆ ಬಟ್ಟಲು ಅಲುಗಾಡುವಂತೆ ನಕ್ಕರು.
"ದೇವರಿಗೆ ತಲಿ ಬಗ್ಸೀರಿ, ನಾ ಬೈಯಂಗಿಲ್ಲ. ಆದ್ರ ಕುತ್ತಿಗಿ ಬೈತೈತಿ."
ಆಮೇಲೆ ಕೇಳಿದರು, ಮಲಗುವುದು ಯಾವ ಮಗ್ಗುಲಿಗೆ? ಬಲಕ್ಕೆ, ಅಂದೆ. ಸುಳ್ಳು.

24 ಜೂನ್, ಮಂಗಳವಾರ
ವಸ್ತಾದರ ಬೆರಳಿಗೆ ಸುಳ್ಳು ಸಿಕ್ಕಿತು.
"ಬಲಕ್ಕ ಮಲಗೋರ ಭುಜ ಅಲ್ಲರಿ ಇದು. ಮೈಭಾರ ಎಲ್ಲಾ ಇದರ ಮ್ಯಾಲ ಬಿದ್ದೈತಿ."
ಹೇಳಿದೆ. ಮಂಚದಲ್ಲಿ ಎಡಕ್ಕೆ ಅವಳ ಜಾಗ. ಆ ಕಡೆಗೇ ತಿರುಗಿ, ಅವಳ ದಿಂಬಿನ ಕೆಳಗೆ ಕೈ ಚಾಚಿ ಮಲಗುತ್ತೇನೆ. ದಿನಾ. ವಸ್ತಾದರ ಕೈ ಸ್ವಲ್ಪ ನಿಂತಿತು, ಮತ್ತೆ ನಡೆಯಿತು. ಮಗ್ಗುಲು ಬದಲಿಸಬೇಕಂತೆ. ಇಲ್ಲದಿದ್ದರೆ ಅವರು ತಿಕ್ಕಿದ್ದನ್ನು ನಾನೇ ಕೆಡಿಸಿದ ಹಾಗೆ.

8 ಜುಲೈ, ಮಂಗಳವಾರ
ಬರೆಯಲಿಲ್ಲ. ಗರಡಿಗೂ ಹೋಗಲಿಲ್ಲ. ಮೂರು ದಿನ ಬಲಕ್ಕೆ ತಿರುಗಿ ಮಲಗಿದೆ. ಕಣ್ಣೆದುರು ಸುಣ್ಣದ ಗೋಡೆ. ಅವಳು ಏನೋ ಹೇಳುತ್ತಿರುವಾಗಲೇ ನಾನು ಬೆನ್ನು ತಿರುಗಿಸಿದ ಹಾಗೆ. ನಾಲ್ಕನೆಯ ದಿನ ಮತ್ತೆ ಎಡಕ್ಕೆ. ಕೈ ಮತ್ತೆ ಎದೆಯ ಹತ್ತಿರ. ಗೋಡೆಯ ಗುರುತು ನೋಡಿದರೆ ನಾಚಿಕೆ.

11 ಜುಲೈ, ಶುಕ್ರವಾರ
ಹೋದೆ. ಬೈಯಲಿಲ್ಲ. ಚಾಪೆ ಹಾಸಿದರು. ಅರ್ಧ ತಿಕ್ಕಿದ ಮೇಲೆ, ಬೇರೆ ಯಾರಿಗೋ ಹೇಳುವವರ ಹಾಗೆ —
"ಅಮ್ಮಾರ ಕಡಿ ಬೆನ್ನು ಯಾಕ ಮಾಡ್ತೀರಿ? ಪೈಲ್ವಾನ ಮಗ್ಗಲು ತಿರುಗದಿದ್ರ ನಾವು ಜಾಗಾನ ಬದಲಿ ಮಾಡ್ತೀವಿ. ಅವರ ಜಾಗದಾಗ ನೀವ ಹೋಗಿ ಮಲಗ್ರಿ."

14 ಜುಲೈ, ಸೋಮವಾರ. ಬೆಳಿಗ್ಗೆ
ಮಲಗಿದೆ. ಅವಳ ದಿಂಬಿಗೇ ತಲೆ, ಬಲಮಗ್ಗುಲು. ಎಚ್ಚರವಾದಾಗ ಎದುರಿಗೆ ನನ್ನ ಜಾಗ. ಹಾಸಿಗೆಯಲ್ಲಿ ನನ್ನ ಮೈಯ ತಗ್ಗು, ಅದರಾಚೆ ಗೋಡೆಯ ಗೂಡಿನಲ್ಲಿ ನನ್ನ ಕನ್ನಡಕ. ಮೂವತ್ತೆಂಟು ವರ್ಷ ಬೆಳಿಗ್ಗೆ ಅವಳು ನೋಡಿದ್ದು ಇಷ್ಟು. ನನಗೆ ಗೊತ್ತೇ ಇರಲಿಲ್ಲ.
ಸುಕನ್ಯಾ ಹಾಸಿಗೆ ಮಡಚುವಾಗ ನೋಡಿದಳು. "ಜಾಗ ಬದಲಿ ಮಾಡೀರೇನ್ರಿ ಮಾವಾರ?" ಹೂಂ, ಅಂದೆ. ದಿಂಬಿಗೆ ಒಗೆದ ಗವಸು ಹಾಕಿ ಅಲ್ಲೇ ಇಟ್ಟು ಹೋದಳು.

28 ಜುಲೈ, ಸೋಮವಾರ. ಬೆಳಿಗ್ಗೆ 6:05
ಶ್ರಾವಣದ ಮೊದಲ ಸೋಮವಾರ. ಸ್ನಾನ ಆಯಿತು, ವಿಭೂತಿ ಆಯಿತು. ಪೂಜೆಯಲ್ಲಿ ಬರೆಯಬಾರದು, ಗೊತ್ತು. ಆದರೆ ಬಲಗೈ ಖಾಲಿ ಇದೆ. ಎಡ ಅಂಗೈ ಗದ್ದ ದಾಟಿತು. ಮೂಗು. ನಡುಗುತ್ತಿದೆ, ಇನ್ ಸ್ಪೈಟ್ ಆಫ್ ದಟ್ ಏರುತ್ತಿದೆ. ತಲೆ ಬಗ್ಗಿಸಿಲ್ಲ. ಅದಕ್ಕೇ ಕಾಗದ ಕಾಣುತ್ತಿಲ್ಲ, ಸಾಲು ಎತ್ತ ಹೋಗುತ್ತಿದೆಯೋ… ಈಗ ಸರಿಯಾಗಿ ಕಣ್ಣಿನ —