ಯಾವ ಬಿಯರಿಗೆ ಯಾವ ಗ್ಲಾಸು

ಭಾನುವಾರ, ಮಧ್ಯಾಹ್ನ
ಅಂಗಡಿ, ಕಿಟಕಿ ಪಕ್ಕದ ಮೇಜು

ಮನೆಯ ಯಜಮಾನರಿಗೆ, ಮನೆಯವಳ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಜೊತೆಗಿದ್ದ ಮಾರಾಟದ ಪತ್ರವೂ ತಲುಪಿತು. ಪಕ್ಕದ ಚಪ್ಪಲಿ ಅಂಗಡಿಯವನು ನಮ್ಮ ಗೋಡೆ ಒಡೆದು ತನ್ನ ಅಂಗಡಿಯನ್ನು ದೊಡ್ಡದು ಮಾಡಿಕೊಳ್ಳುತ್ತಾನಂತೆ, ಒಳ್ಳೆಯ ಬೆಲೆ ಕೊಡುತ್ತಾನಂತೆ, ನಾನು ಗುರುತು ಹಾಕಿದ ಕಡೆ ಸಹಿ ಮಾಡಿ ಕಳಿಸಿದರೆ ಸಾಕಂತೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ನನಗೆ ಬರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಸಹಿ ಮಾಡುವುದಿಲ್ಲ. ಅಂಗಡಿ ಇಬ್ಬರ ಹೆಸರಿನಲ್ಲಿದೆ, ನನ್ನ ಅರ್ಧ ಮಾರಾಟಕ್ಕಿಲ್ಲ. ಯಾಕೆಂದು ತಿಳಿಯಬೇಕಾದರೆ ಮುಂದೆ ಓದಿ.

ಮೊದಲು ಕ್ಷೇಮ ಸಮಾಚಾರ. ನಿಮ್ಮ ಅಮ್ಮ ಚೆನ್ನಾಗಿದ್ದಾರೆ. ಹೆತ್ತ ಮಗ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿನಲ್ಲಿ ಸ್ನೇಹಿತನ ಗೋಡೌನು ನೋಡಿಕೊಳ್ಳಲು ಹೋದ ಮೇಲೂ ಅತ್ತೆ ಸೊಸೆಯ ಜೊತೆಗೇ ಉಳಿದಿದ್ದಾರೆಂದು ಬೀದಿಯವರಿಗೆಲ್ಲ ಆಶ್ಚರ್ಯ. ಯಾರಾದರೂ ಕೇಳಿದರೆ, 'ಹೋದವನು ಅವನು, ನಾನ್ಯಾಕೆ ಹೋಗ್ಲಿ, ನನ್ ಮಂಚ ಇಲ್ಲೇ ಇದ್ಯಲ್ಲ' ಅನ್ನುತ್ತಾರೆ. ಮಂಡಿನೋವು ಹಾಗೇ ಇದೆ. ಬಾಯಿಗೆ ಯಾವ ನೋವೂ ಇಲ್ಲ.

ಇನ್ನು ನನ್ನ ಸಮಾಚಾರ. ನಾನು ಬೆಲ್ಜಿಯಂ ಬಿಯರು ಕುಡಿಯಲು ಕಲಿತಿದ್ದೇನೆ. ನಗಬೇಡಿ. ಇಷ್ಟು ವರ್ಷ ಅವನ್ನೇ ಮಾರಿ ಹೊಟ್ಟೆ ಹೊರೆದೆವು, ಆದರೆ ನನ್ನ ಪಾಲಿಗೆ ಬಂದದ್ದು ಗ್ಲಾಸು ಮಾತ್ರ. ಒಂದೊಂದು ಬಿಯರಿಗೆ ಒಂದೊಂದು ಗ್ಲಾಸು: ಅಗಲ ಬಾಯಿಯ ಕಾಲಿನ ಬಟ್ಟಲು, ಹೂವಿನ ಮೊಗ್ಗಿನಂಥದ್ದು, ದಪ್ಪ ತಳದ ಆರು ಮೂಲೆಯದು. ಸೋಪು ಉಳಿದರೆ ನೊರೆ ನಿಲ್ಲುವುದಿಲ್ಲ, ಒರೆಸುವ ಬಟ್ಟೆಯ ಎಳೆ ಅಂಟಿದ್ದರೆ ನಿಮ್ಮ ಹುಬ್ಬು ಕೆಳಗಿಳಿಯುವುದಿಲ್ಲ. ಇದರ ರುಚಿ ಹೇಗಿರುತ್ತದೆ ಎಂದು ಒಂದು ಸಲ ಕೇಳಿದ್ದಕ್ಕೆ, 'ಗ್ಲಾಸು ನಿಂದು, ರುಚಿ ನಂದು, ಇದ್ರಲ್ಲಿ ಮೂಗು ತೂರಿಸ್ಬೇಡ' ಅಂದಿದ್ದಿರಿ. ಈಗ ತೂರಿಸಿದ್ದೇನೆ, ಗ್ಲಾಸಿನ ಒಳಕ್ಕೇ.

ನೀವು ಹೋದ ಮೇಲೆ ಬಾಗಿಲು ಹಾಕಿಕೊಂಡು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಅತ್ತೆ ಮೇಲಿನ ಮನೆಯಿಂದ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಬಂದು, 'ಮಾಲೂ ಧೂಳು ತಿಂತಿದೆ, ನೀನೂ ಧೂಳು ತಿಂತಿದ್ದೀಯ, ಒಂದು ಬಾಟ್ಲಿ ತೆಗಿ' ಅಂದರು. ಗೋಧಿ ಬಿಯರು ತೆಗೆದೆ. ಗ್ಲಾಸನ್ನು ತಣ್ಣೀರಿನಲ್ಲಿ ಜಾಲಿಸಿ, ಓರೆ ಹಿಡಿದು, ನಿಧಾನವಾಗಿ ಸುರಿದೆ. ಬೆಳ್ಳಗೆ ಮಂಜು ಕವಿದಂತಿತ್ತು. ಕಿತ್ತಳೆ ಸಿಪ್ಪೆಯ ವಾಸನೆ ನನಗೆ ಹತ್ತಿತು. ಅತ್ತೆ ಒಂದು ಗುಟುಕು ಕುಡಿದು, ಕೊತ್ತಂಬರಿ ಬೀಜ ಇದೆ, ಹುರಿದಿಲ್ಲ, ಜಜ್ಜಿ ಹಾಕಿದ್ದಾರೆ ಎಂದು ತೀರ್ಪು ಕೊಟ್ಟರು. ಅವತ್ತಿನಿಂದ ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಬಾಟಲಿ, ಇಬ್ಬರಿಗೆ ಅರ್ಧರ್ಧ. ನಿಮ್ಮ ಮಾಲನ್ನು ಕುಡಿದು ಖಾಲಿ ಮಾಡುತ್ತಿದ್ದೇವೆಂದು ಹೊಟ್ಟೆ ಉರಿದುಕೊಳ್ಳಬೇಡಿ.

ಎಲ್ಲವೂ ಸಲೀಸಾಗಿ ಒಳಗಿಳಿಯಲಿಲ್ಲ. ಹುಳಿ ಬಿಯರು, ಅದೇ ಲ್ಯಾಂಬಿಕ್, ಮೊದಲ ಗುಟುಕಿಗೇ ಮುಖ ಸಿಂಡರಿಸುವಂತೆ ಮಾಡಿತು. ಕೆಟ್ಟುಹೋಗಿದೆ, ಚೆಲ್ಲು ಎಂದು ಅತ್ತೆ ಅಪ್ಪಣೆ ಕೊಡಿಸಿದರು. ನಾನು ಪೆಟ್ಟಿಗೆಯನ್ನೇ ಎತ್ತಿಕೊಂಡು ಸಿಂಕಿನ ಕಡೆ ಹೊರಟಿದ್ದೆ. ಅಷ್ಟರಲ್ಲಿ ಮೂಲೆ ಮೇಜಿನ ನಮ್ಮ ಗಡಿಯಾರ ರಿಪೇರಿಯವರು, ಅಂಗಡಿ ತೆರೆಯುವುದು ಯಾವಾಗ ಎಂದು ವಿಚಾರಿಸಲು ಬಂದವರು, ಬಾಗಿಲಲ್ಲೇ ತಡೆದರು. ಅದು ಹುಳಿಯಾಗಿಯೇ ಹುಟ್ಟಿದ್ದು, ಗಾಳಿಯಲ್ಲಿರುವ ಕಾಡು ಯೀಸ್ಟಿನಿಂದ ಹುದುಗುವಂಥದ್ದು, ಒಂದೇ ದಿನಕ್ಕೆ ಬಿಡಬೇಡಿ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಹಟ ಬಂತು. ಮಾರನೆಯ ದಿನ ಕುಡಿದೆ, ಹಿಡಿಸಲಿಲ್ಲ. ಮತ್ತೆ ಕುಡಿದೆ, ಒಂದು ತುಂಡು ಚೀಸಿನ ಜೊತೆ. ಅವತ್ತು ಹುಳಿಯ ಹಿಂದೆ ನಿಂಬೆ ಸಿಪ್ಪೆ, ಒದ್ದೆ ಹುಲ್ಲು, ಹಳೇ ಮರದ ಪೆಟ್ಟಿಗೆ ಒಂದೊಂದಾಗಿ ಬಂದವು. ಈಗ ಸೆಕೆಯ ಸಂಜೆ ನನಗೆ ಬೇರೆ ಯಾವುದೂ ಬೇಡ. ಅತ್ತೆ ಮಾತ್ರ ಈಗಲೂ ಅದನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಆಮೇಲೆ ಬಂದವು ಆ ಎರಡು ಚಿನ್ನದ ಬಣ್ಣದವು. ಒಂದು ಟ್ರಿಪೆಲ್ ಅನ್ನುವ ಗಟ್ಟಿ ಬಿಯರು, ಅಗಲ ಬಟ್ಟಲಿನದು. ಇನ್ನೊಂದು ಮೊಗ್ಗಿನ ಗ್ಲಾಸಿನದು. ಕಣ್ಣಿಗೆ ಎರಡೂ ಅಕ್ಕತಂಗಿಯರು, ನಾಲಿಗೆಗೂ ಅಂಥ ವ್ಯತ್ಯಾಸ ಇಲ್ಲ. ಮೂಗಿಗೆ ಮಾತ್ರ ಅಜಗಜಾಂತರ. ಟ್ರಿಪೆಲ್‌ನಲ್ಲಿ ಕಳಿತ ಬಾಳೆಹಣ್ಣು, ಲವಂಗ. ಇನ್ನೊಂದರಲ್ಲಿ ಪೇರು ಹಣ್ಣು, ಕಾಳುಮೆಣಸು. ಎರಡನ್ನೂ ಮುಂದಿಟ್ಟುಕೊಂಡು ಮೂಸುತ್ತಿದ್ದಾಗ ನನ್ನ ಕೈ ಹಾಗೇ ನಿಂತಿತು.

ನೆನಪಿದೆಯೇ, ನೀವು ಹೋಗುವುದಕ್ಕೆ ಸ್ವಲ್ಪ ಮುಂಚೆ ಒಂದು ಸಂಜೆ ನಾನೇ ನಿಮಗೆ ಸುರಿದುಕೊಟ್ಟಿದ್ದೆ. ಗಡಿಬಿಡಿಯಲ್ಲಿ ಕೈತಪ್ಪಿ ಟ್ರಿಪೆಲ್ಲನ್ನು ಮೊಗ್ಗಿನ ಗ್ಲಾಸಿಗೆ ಹಾಕಿಬಿಟ್ಟಿದ್ದೆ. ನೀವು ಗ್ಲಾಸು ನೋಡಿದಿರಿ, ಮೂಗಿನ ಹತ್ತಿರ ಹಿಡಿದಿರಿ, ಕಣ್ಣು ಮುಚ್ಚಿ ಗಡಿಯಾರದವರಿಗೆ ಪೇರು ಹಣ್ಣು, ಕಾಳುಮೆಣಸು ಎಂದು ವರ್ಣಿಸಿದಿರಿ. ಬಾಳೆಹಣ್ಣಿನ ಮಾತೇ ಇಲ್ಲ. ನೀವು ಬಿಯರನ್ನಲ್ಲ, ಗ್ಲಾಸನ್ನು ಓದಿದ್ದಿರಿ.

ಆ ದೊಡ್ಡ ಜ್ವರ ಬಂದು ಹೋದ ಮೇಲೆ ನಿಮಗೆ ವಾಸನೆ ತಿಳಿಯುತ್ತಿಲ್ಲ, ಅಲ್ಲವೇ. ಒಲೆಯ ಮೇಲೆ ಹಾಲು ಸೀದು ಬೀದಿಗೆಲ್ಲ ಕಮರು ವಾಸನೆ ಬಡಿದಾಗ ಪಕ್ಕದಲ್ಲೇ ಪೇಪರು ಓದುತ್ತ ಕೂತಿದ್ದಿರಿ. ವ್ಯಾಪಾರ ಬಿದ್ದುಹೋಗಿದೆ, ಬೇಸರ ಬಂದಿದೆ ಎಂದು ನೀವು ಹೋಗುವಾಗ ಹೇಳಿದ್ದೆಲ್ಲ ಕಳ್ಳನಿಗೊಂದು ಪಿಳ್ಳೆ ನೆವ. ನಿಮಗೆ ನಾಚಿಕೆಯಾಗಿತ್ತು.

ನಾನು ಒಂದು ಕೆಲಸ ಮಾಡಿದೆ. ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಮೂಗಿಗೆ ಸಿಕ್ಕಿಸಿಕೊಂಡು ನಿಮಗೆ ಬಹಳ ಇಷ್ಟವಾದ ಆ ಕಪ್ಪು ಬಿಯರು ಕುಡಿದೆ, ಒಣದ್ರಾಕ್ಷಿ, ಸುಟ್ಟ ಸಕ್ಕರೆ ಎಂದು ನೀವು ಹಾಡಿ ಹೊಗಳುತ್ತಿದ್ದದ್ದು. ಸಿಹಿ ಇತ್ತು, ಕಹಿ ಇತ್ತು, ಮತ್ತೇನೂ ಇರಲಿಲ್ಲ. ಇದನ್ನು ನೀವು ಒಬ್ಬರೇ ನುಂಗಿಕೊಂಡು ಗಿರಾಕಿಗಳ ಮುಂದೆ ನಗುತ್ತ ನಿಂತಿದ್ದಿರಲ್ಲ ಎಂದು ನನಗೆ ಅಳು ಬಂತು. ಅತ್ತೆ ನನ್ನನ್ನು ನೋಡಿ, 'ಕ್ಲಿಪ್ಪು ತೆಗೆದು ಅಳು, ಉಸಿರು ಕಟ್ಟುತ್ತೆ' ಅಂದರು.

ಅತ್ತು ಮುಗಿದ ಮೇಲೆ ಅಂಗಡಿಯ ಬಾಗಿಲು ತೆರೆದೆ. ಮೊನ್ನೆ ಶುಕ್ರವಾರ ಗಡಿಯಾರದವರು ತಮ್ಮ ಸ್ನೇಹಿತರನ್ನೆಲ್ಲ ಕರೆತಂದರು, ಮೇಜು ಸಾಲದೆ ಪೆಟ್ಟಿಗೆ ಬೋರಲು ಹಾಕಿ ಕೂರಿಸಿದೆ. ತೆಳುವಾದದ್ದರಿಂದ ಗಾಢವಾದದ್ದರ ಕಡೆಗೆ ಒಂದೊಂದೇ ಕೊಟ್ಟೆ, ಬಾಟಲಿಯ ತಳದ ಯೀಸ್ಟನ್ನು ಬೇಕೆಂದವರಿಗೆ ಮಾತ್ರ ಸುರಿದೆ. ಒಂದು ಬಾಟಲಿ ತೆರೆದಾಗ ಒದ್ದೆ ರಟ್ಟಿನ ವಾಸನೆ ಬಂತು, ಕೆಟ್ಟಿದೆ ಎಂದು ಚೆಲ್ಲಿ ಬೇರೆ ತೆಗೆದೆ. ಆದರೆ ಟ್ರ್ಯಾಪಿಸ್ಟ್ ಬಿಯರು ಬಂದಾಗ ಒಬ್ಬರು, 'ಸನ್ಯಾಸಿಗಳು ಬಿಯರು ಕುದಿಸೋ ಕಥೆ ನೀವೂ ಹೇಳಿ, ನಿಮ್ಮೆಜಮಾನ್ರು ಎಷ್ಟು ಚೆನ್ನಾಗಿ ಹೇಳ್ತಿದ್ರು' ಎಂದರು. ನಾನು ಹೇಳಿದೆ. ಮಠ, ಸನ್ಯಾಸಿ, ಬಿಯರು ಎಲ್ಲ ಸರಿಯಾಗಿಯೇ ಇತ್ತು, ಯಾರೂ ನಗಲಿಲ್ಲ. ಅತ್ತೆಗೆ ಆಕಳಿಕೆ ಬಂತು.

ಆದ್ದರಿಂದ ನನ್ನ ತೀರ್ಮಾನ ಕೇಳಿ. ಮೂಗು ನನ್ನದು, ಬಾಯಿ ನಿಮ್ಮದು. ಮೂಸುವುದು, ಆರಿಸುವುದು, ಕೆಟ್ಟದ್ದನ್ನು ಚೆಲ್ಲುವುದು ನಾನು. ಕಥೆ ಹೇಳುವುದು, ಜನರನ್ನು ಕೂರಿಸುವುದು ನೀವು. ಗ್ಲಾಸು ತೊಳೆಯುವುದು ಇಬ್ಬರೂ, ಅದರಲ್ಲಿ ರಿಯಾಯಿತಿ ಇಲ್ಲ. ಗಿರಾಕಿಗಳ ಮುಂದೆ ಮೂಗಿನ ವಿಷಯ ಮುಚ್ಚಿಡುವುದೂ ಬೇಡ. ಮಂಡಿ ಹೋದವರಿಗೆ ಕೋಲು ಕೊಡುತ್ತೇವೆ, ಮೆಟ್ಟಿಲು ಮಾರುವುದಿಲ್ಲ. ನೀವು ಬಂದರೂ ಅಂಗಡಿ ನಡೆಯುತ್ತದೆ, ಬರದಿದ್ದರೂ ನಡೆಯುತ್ತದೆ. ಬಂದರೆ ನನಗೆ ಸಂತೋಷ, ಅದನ್ನು ಮುಚ್ಚಿಡುವುದಿಲ್ಲ.

ಮಾರಾಟದ ಪತ್ರವನ್ನು ಇದರ ಜೊತೆಗೇ ಹಿಂದಕ್ಕೆ ಕಳಿಸಿದ್ದೇನೆ. ಚಪ್ಪಲಿ ಅಂಗಡಿಯವನಿಗೂ ನಾನೇ ಹೋಗಿ ಹೇಳಿ ಬಂದೆ. ಅವನು ಶುಕ್ರವಾರ ಬರುತ್ತಾನಂತೆ, ಗಿರಾಕಿಯಾಗಿ.

ಇಂತಿ,
ನಿಮ್ಮ ಮನೆಯವಳು, ಅರ್ಧ ಅಂಗಡಿಯ ಒಡತಿ

ಮರೆತಿದ್ದೆ: ಕೈತಪ್ಪಿ ಗ್ಲಾಸು ಬದಲಾಯಿತು ಎಂದು ಮೇಲೆ ಬರೆದಿದ್ದೇನೆ. ಇಷ್ಟು ವರ್ಷ ಆ ಗ್ಲಾಸುಗಳನ್ನು ತೊಳೆದವಳಿಗೆ ಕೈ ತಪ್ಪುತ್ತದೆಯೇ. ಹಾಲು ಸೀದ ದಿನವೇ ನನಗೆ ಅನುಮಾನ ಬಂದಿತ್ತು, ಬೇಕೆಂದೇ ಬದಲಾಯಿಸಿದೆ. ನೀವಾಗಿಯೇ ಹೇಳುತ್ತೀರೆಂದು ಕಾದೆ, ನೀವು ಹೇಳದೆ ಹೋದಿರಿ. ಆ ಸಂಜೆ ನೀವು ಮೇಜಿನ ಮೇಲೆ ಬಿಟ್ಟುಹೋದ ಅರ್ಧ ಗ್ಲಾಸನ್ನು ಸಿಂಕಿಗೆ ಚೆಲ್ಲಲಿಲ್ಲ. ನಿಂತಲ್ಲೇ ಮೂಸಿದೆ, ಬಾಳೆಹಣ್ಣು ಸಿಕ್ಕಿತು. ನಿಮಗೆ ಸಿಗದೆ ಹೋದದ್ದು ಏನೆಂದು ತಿಳಿಯಬೇಕಿತ್ತು, ಪೂರ್ತಿ ಕುಡಿದೆ. ನನ್ನ ಮೊದಲ ಬಿಯರು ಅತ್ತೆಯ ಜೊತೆ ಕುಡಿದದ್ದಲ್ಲ, ಅದು.