ಕಪ್ಪಾದ ಕರಡಿಗೆ

ಸಾಸ್ವೆಹಳ್ಳಿ, ೧೬ ನವೆಂಬರ್ ೧೯೮೨, ಮಂಗಳವಾರ

ನೆರೆಮನೆಯ ನಿರ್ಮಲಮ್ಮನ ಮಾತು ಇನ್ನೂ ಕಿವಿಯಲ್ಲೇ ಇದೆ. "ಸಮುದ್ರದ ತಳಕ್ಕೆ ಇಳಿಯೋ ಹುಡುಗ ಮೈಮೇಲೆ ಲಿಂಗ ಕಟ್ಟಿಕೊಂಡಿರ್ತಾನೇನ್ರೀ?" ಎಂದು ಬಾವಿಕಟ್ಟೆಯಲ್ಲಿ ಎಲ್ಲರೆದುರು ಕೇಳಿದಳು.

ನೌಕಾಪಡೆಯಿಂದ ರಜೆಗೆ ಬಂದಿರುವ ನನ್ನ ಮಗ ಹಾಲಸ್ವಾಮಿ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. ಅವನು ನಗುತ್ತಾ ಅಂಗಿಯ ಗುಂಡಿ ಬಿಚ್ಚಿದ. ದೀಕ್ಷೆಗೆಂದು ನಾನೇ ಮಾಡಿಸಿದ್ದ, ಲಿಂಗವಿಡುವ ಬೆಳ್ಳಿ ಕರಡಿಗೆ ಎದೆಯ ಮೇಲಿತ್ತು, ಮಸಿ ಬಳಿದಂತೆ ಕಪ್ಪಾಗಿ.

"ಉಪ್ಪುನೀರು ಅವ್ವಾ. ಬೆನ್ನಿಗೆ ಗಾಳಿ ಸಿಲಿಂಡರು, ಎದಿಗೆ ಇದು. ಲಕ್ಷದ್ವೀಪದಾಗೆ ನೀರಿನ ಕೆಳಗೆ ಹವಳದ ತೋಟಾನೇ ಐತೆ. ಅರಿಶಿಣದ ಬಣ್ಣದ ಮೀನು, ಕುಂಕುಮದ ಬಣ್ಣದ ಮೀನು. ನಾನೊಬ್ಬನೇ ನೋಡ್ಲಿಲ್ಲ, ಶಿವನಿಗೂ ತೋರಿಸ್ದೆ."

ನಮ್ಮ ವಂಶದಲ್ಲಿ ಹೊಳೆಗಿಂತ ದೊಡ್ಡ ನೀರು ಕಂಡವರಿಲ್ಲ. ಇವನು ಸಮುದ್ರದ ತಳದಲ್ಲಿ ಉಸಿರಾಡಿ ಬಂದಿದ್ದಾನೆ.

ಸಂಜೆ ಲಿಂಗವನ್ನು ಅವನ ಅಂಗೈಯಲ್ಲಿಟ್ಟು, ಕರಡಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಲು ಕೂತೆ. ಒಂದು ಕಡೆ ಹೊಳೆಯತೊಡಗಿತು. ಅಲ್ಲಿಗೇ ನಿಲ್ಲಿಸಿ, ಲಿಂಗವನ್ನು ಒಳಗಿಟ್ಟು ಹಾಗೆಯೇ ಅವನ ಕೊರಳಿಗೆ ಕಟ್ಟಿದೆ.

ನಾಳೆ ನೀರು ಸೇದಲು ಅವನನ್ನೇ ಕಳಿಸುತ್ತೇನೆ, ಬರಿಮೈಯಲ್ಲಿ. ಆ ಕಪ್ಪನ್ನು ನಿರ್ಮಲಮ್ಮ ಕಣ್ತುಂಬ ನೋಡಲಿ.