ನೀರುನಾಯಿ ಮನೆಗೆ ಬರಲಿಲ್ಲ

ದ್ವಾರಕಾ ನಗರ, ವಿಶಾಖಪಟ್ಟಣ
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅಪ್ಪನಿಗೆ,

ನಿಮ್ಮ ಶ್ರೀರಕ್ಷಾಳ ನಮಸ್ಕಾರಗಳು. ಹತ್ತು ವರ್ಷದಿಂದ ಮುಚ್ಚಿಟ್ಟಿದ್ದ ಒಂದು ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ನನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಬ್ಯಾಂಕಿನವರು ಮನೆಗೆ ಬಂದಾಗ "ಆಂಧ್ರದಾಗೆ ಹುಟ್ಟಿದ್ರೂ ನನ್ನ ಮಗಳು ಹೆಂಗೆ ಕನ್ನಡ ಓದ್ತಾಳೆ ನೋಡ್ರಿ" ಎಂದು ನೀವು ನೀರುನಾಯಿಯ ಕಾದಂಬರಿಯನ್ನು ನನ್ನ ಕೈಗೆ ಕೊಡುತ್ತಿದ್ದಿರಲ್ಲ, ಆಗ ನಾನು ಓದುತ್ತಿರಲಿಲ್ಲ. ನೀವು ದಿನವೂ ಓದಿ ಹೇಳಿದ್ದು ಬಾಯಿಪಾಠವಾಗಿತ್ತು. ಎಣ್ಣೆ ಕಲೆಯ ಪುಟ ಬಂದರೆ ಮೊಸಳೆ, ಮೂಲೆ ಹರಿದ ಪುಟ ಬಂದರೆ ಸಂತೆ. ಆ ಗುರುತು ನೋಡಿಕೊಂಡು ಹಾಳೆ ಮಗುಚುತ್ತಿದ್ದೆ.

ಕಾಗದ ಬರೆಯಲು ಒಂದೂವರೆ ವರ್ಷ ತಡವಾಯಿತು, ಕ್ಷಮಿಸಿ. ಅರ್ಧ ತಡ ಸಿಟ್ಟಿನದು, ಅರ್ಧ ಅಕ್ಷರದ್ದು. ನಿಮ್ಮ ಹಳೆಯ ಬ್ರಾಂಚಿನ ಸುಲೋಚನಾ ಆಂಟಿ ಈಗ ಬರೆಯಲು ಕಲಿಸಿದ್ದಾರೆ. ತೆಲುಗು ಬಂದವಳಿಗೆ ಬಹಳ ಕಷ್ಟವಾಗಲಿಲ್ಲ. ತಲೆಕಟ್ಟು ಅಲ್ಲಲ್ಲಿ ತೆಲುಗಿನ ಕಡೆ ವಾಲಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಕರಡಿನ ಕಾಗುಣಿತವನ್ನು ಆಂಟಿ ತಿದ್ದಿದ್ದಾರೆ. ಮಾತುಗಳನ್ನು ತಿದ್ದಲು ನಾನು ಬಿಟ್ಟಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಅವಳ ಸ್ಕೂಲಿನಲ್ಲಿ ಪರೀಕ್ಷೆ ಹತ್ತಿರ ಬಂದಿದೆ, ಮಂಡಿನೋವು ಇದ್ದದ್ದೇ. ನಾನು ಋಷಿಕೊಂಡದ ಕಡಲ ತೀರದಲ್ಲಿ ದೋಣಿ ಬಾಡಿಗೆ ಕೊಡುವವರ ಬಳಿ ಎಂಟು ತಿಂಗಳು ಕೆಲಸ ಮಾಡಿದೆ. ಬಂದವರಿಗೆ ಲೈಫ್ ಜಾಕೆಟ್ ತೊಡಿಸುವುದು, ಸಂಜೆ ಅವನ್ನು ತೊಳೆದು ಹರವುವುದು. ನಾಚಿಕೆ ಏನೂ ಆಗಲಿಲ್ಲ.

ನನ್ನ ಗುಟ್ಟು ಬಯಲಾದದ್ದು ನವೆಂಬರಿನಲ್ಲಿ. ಆಂಟಿಯ ಮನೆಯಲ್ಲಿ ಇಲ್ಲಿನ ಕನ್ನಡದವರು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತಾರೆ. ಆ ಸಲದ್ದು ನಮ್ಮ ನೀರುನಾಯಿ ಎಂದು ಕೇಳಿ ನಾನೇ ಬರುತ್ತೇನೆ ಎಂದೆ. ಅಲ್ಲಿನ ಒಂದು ನಿಯಮ ನನಗೆ ತಿಳಿದಿರಲಿಲ್ಲ: ಅಭಿಪ್ರಾಯ ಹೇಳುವವರು ತಮಗೆ ಹಿಡಿಸಿದ ಪುಟವನ್ನು ಗಟ್ಟಿಯಾಗಿ ಓದಬೇಕು. ಆಮೇಲೆಯೇ ಉಪ್ಪಿಟ್ಟು.

ರಿಟೈರಾದ ಮ್ಯಾನೇಜರ್ ದಕ್ಷಿಣಾಮೂರ್ತಿ ಅಂಕಲ್ ಮೊದಲು ಎದ್ದರು. "ಸಾಕಿದ ಅಂಬಿಗನಿಗಾಗಿ ಇಡೀ ತುಂಗಭದ್ರೆಯನ್ನ ಎದುರು ಈಜಿ ಬಂತು. ನಿಷ್ಠೆ ಅಂದ್ರೆ ಇದು. ಈಗಿನ ಮಕ್ಕಳು ಕಲೀಬೇಕು" ಎಂದು ನನ್ನ ಕಡೆಗೇ ನೋಡಿದರು. ನಾನು ಕಾಲೇಜು ಬಿಟ್ಟದ್ದು ಅಲ್ಲಿ ಎಲ್ಲರಿಗೂ ಗೊತ್ತು.

"ಅದು ಈಜಿದ್ದು ಮೀನಿಗೆ ಕಣ್ರೀ, ನಿಮ್ಮ ನಿಷ್ಠೆಗಲ್ಲ" ಎಂದರು ಆಂಟಿ.

ಅವರ ಮಗ ಕಿರಣ್‌ಗೆ ಹದಿಮೂರು ವರ್ಷ. "ನೀರುನಾಯಿ ಒಂಟಿಯಾಗಿ ಇರಲ್ಲ ಅಂಕಲ್, ಗುಂಪಲ್ಲಿ ಇರುತ್ತೆ. ಬರೆದೋರು ನದೀನೇ ನೋಡಿಲ್ಲ."

"ನೀನು ನೋಡಿದ್ದೀಯೇನಯ್ಯಾ?"

"ಯೂಟ್ಯೂಬಲ್ಲಿ."

ನನ್ನ ಸರದಿ ಬಂತು. ನಿಷ್ಠೆಯೂ ಅಲ್ಲ, ಮೀನೂ ಅಲ್ಲ ಎಂದೆ. "ಮನೇಲಿ ಬಾಗಿಲು ತೆಗೀತಾರೆ ಅಂತ ಗೊತ್ತಿದ್ರೆ ಯಾರಾದ್ರೂ ಈಜ್ತಾರೆ ಅಂಕಲ್." ಆಂಟಿಯ ಪುಸ್ತಕದ ಕೊನೆಯ ಪುಟ ತೆಗೆದು ಶುರುಮಾಡಿದೆ. ಒದ್ದೆ ಪಾದದ ಸದ್ದಿಗೆ ಅಂಬಿಗ ಎದ್ದು ಕೂರುತ್ತಾನೆ, ನೀರುನಾಯಿಯನ್ನು ಎತ್ತಿಕೊಂಡು "ಬಂದ್ಯೇನವ್ವಾ, ಬಾ" ಎಂದು ಬುಟ್ಟಿಯಲ್ಲಿ ಮಲಗಿಸುತ್ತಾನೆ. ಹರಿಹರದ ನಿಮ್ಮ ದನಿಯಲ್ಲೇ ಹೇಳಿದೆ. ಆ ಮಾತು ಬಂದಾಗಲೆಲ್ಲ ನೀವು ನನ್ನ ತಲೆ ಸವರುತ್ತಿದ್ದಿರಿ.

ದಕ್ಷಿಣಾಮೂರ್ತಿ ಅಂಕಲ್ ತಮ್ಮ ಪುಸ್ತಕದಲ್ಲಿ ಸಾಲಿನ ಮೇಲೆ ಬೆರಳಾಡಿಸುತ್ತಿದ್ದರು. "ಯಾವ ಪುಟಮ್ಮಾ ಇದು?"

"ಕೊನೇದು."

"ಇಲ್ಲಿಲ್ಲವಲ್ಲ!"

ಕಿರಣ್ ನನ್ನ ಕೈಯಲ್ಲಿದ್ದುದನ್ನು ಬಗ್ಗಿ ನೋಡಿದ. "ಅಕ್ಕಾ, ನೀವು ತೆಗೆದಿರೋದು ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿ."

ಹೊಸ ಮುದ್ರಣ, ಅಪ್ಪಾ. ಎಣ್ಣೆ ಕಲೆಯೇ ಇರಲಿಲ್ಲ. ನಿಮಗೆ ವರ್ಗವಾದಾಗ ನಮ್ಮ ಹಳೆಯ ಪುಸ್ತಕವೂ ನಿಮ್ಮ ಜೊತೆ ವಿಜಯವಾಡಕ್ಕೆ ಹೋಗಿತ್ತು. ಎಲ್ಲರೂ ನಕ್ಕರು. ನಾನು ಕೂರಲಿಲ್ಲ. "ಹೌದು, ನಂಗೆ ಓದೋಕೆ ಬರಲ್ಲ. ನಮ್ಮಪ್ಪ ಓದಿದ್ದು ಕೇಳಿದ್ದೀನಿ. ನಿಮ್ಮದರಲ್ಲಿ ಹೇಗಿದೆ, ಓದಿ ನೋಡೋಣ" ಎಂದೆ.

ಆಂಟಿ ಓದಿದರು. ನೀರುನಾಯಿ ದಂಡೆ ಹತ್ತುತ್ತದೆ. ಬಾಗಿಲು ಓರೆಯಾಗಿದೆ. ಅಂಬಿಗ ಆ ಕಡೆ ತಿರುಗಿ ಮಲಗಿದ್ದಾನೆ. ಗೂಟದಲ್ಲಿ ತನ್ನ ಹಳೆಯ ಹಗ್ಗ ಇನ್ನೂ ತೂಗುತ್ತಿದೆ. ಅದನ್ನು ಮೂಸಿ, ಬಂದ ದಾರಿಯಲ್ಲೇ ಹೊಳೆಗೆ ಇಳಿಯುತ್ತದೆ.

"ಮನೆಗೇ ಬರಲ್ವಾ?"

"ಬಾಗಿಲ ತನಕ ಬರುತ್ತಮ್ಮಾ. ಒಳಗೆ ಬರಲ್ಲ."

ನನಗೆ ನಗೆಪಾಟಲಾದ ನೋವು ಅಷ್ಟಾಗಲಿಲ್ಲ. ನೀವು ಕಥೆ ಬದಲಿಸಿದಿರಲ್ಲ ಎಂದು ಉರಿಯಿತು. ಬಸ್ಸಿನಲ್ಲಿ ಬರುವಾಗ ಇನ್ನೊಂದು ಹೊಳೆಯಿತು. ಕೊನೆಯ ಪುಟವನ್ನು ನಾನು ನಿಮ್ಮ ಮುಂದೆಯೂ "ಓದಿದ್ದೇನೆ". ನೀವು ಕಟ್ಟಿದ ಮಾತುಗಳನ್ನೇ ಒಪ್ಪಿಸುತ್ತಿದ್ದೇನೆ ಎಂದು ನಿಮಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಿದ್ದೂ ಚಪ್ಪಾಳೆ ತಟ್ಟಿದಿರಿ. ಅಮ್ಮನಿಗೆ ಹೇಳಿದರೆ ಹೊಟ್ಟೆ ಹಿಡಿದು ನಕ್ಕು, ತನ್ನ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದಳು: "ಇಬ್ಬರೂ ಕಳ್ಳರೇ ಕದಾ!"

ಮರುದಿನವೇ ಅಕ್ಷರಕ್ಕೆ ಕೂತೆ. ಇಡೀ ಕಾದಂಬರಿಯನ್ನು ಒಂದೊಂದೇ ಸಾಲು ಬೆರಳಿಟ್ಟು ಎರಡು ತಿಂಗಳಲ್ಲಿ ಮುಗಿಸಿದೆ. ಕೂಟದಲ್ಲಿ ಹೇಳಲಾಗದ ಅಭಿಪ್ರಾಯವನ್ನು ಈಗ ಹೇಳುತ್ತೇನೆ. ಬರೆದವರದೇ ಸರಿ. ಅಷ್ಟು ದೂರ ಈಜಿದ ಪ್ರಾಣಿ ಮತ್ತೆ ಬುಟ್ಟಿಯಲ್ಲಿ ಮಲಗುವುದಿಲ್ಲ. ನಿಮ್ಮ ಮುಕ್ತಾಯ ಸಿಹಿಯಾಗಿದೆ, ಆದರೆ ಸುಳ್ಳು. ನಾನು ಓದು ಬಿಟ್ಟೆ ಎಂದು ಇನ್ನು ಯಾರ ಹತ್ತಿರವೂ ಹೇಳಬೇಡಿ. ವಿಜಯವಾಡದ ಆ ಹಾಸ್ಟೆಲಿನ ಬೆಳಿಗ್ಗೆ ಐದರ ಗಂಟೆಯನ್ನು ಬಿಟ್ಟೆ, ವಾರವಾರ ಗೋಡೆಗೆ ಅಂಟಿಸುತ್ತಿದ್ದ ರ‍್ಯಾಂಕ್ ಪಟ್ಟಿಯನ್ನು ಬಿಟ್ಟೆ. ಮತ್ತೆ ಅಲ್ಲಿಗೆ ಹೋಗುವುದಿಲ್ಲ.

ಡಿಸೆಂಬರಿನಲ್ಲಿ ಇಲ್ಲಿ ಸೀರೆ ಪ್ರದರ್ಶನ ನಡೆದಾಗ ಮಂಗಳಗಿರಿಯ ದುರ್ಗಾಂಬ ಎಂಬ ನೇಕಾರರ ಮಳಿಗೆಯಲ್ಲಿ ಮೂರು ದಿನ ನಿಂತಿದ್ದೆ. ಮಗ್ಗ ಕಲಿಸುತ್ತೀರಾ ಎಂದು ಕೇಳಿದೆ. "ಆರು ತಿಂಗಳು ಬರೀ ಎಳೆ ಜೋಡಿಸಬೇಕು, ಕೂರ್ತೀಯಾ?" ಎಂದರು. ಕೂರುತ್ತೇನೆ ಎಂದೆ. "ನೀನು ಊಟಕ್ಕೇ ಒಂದು ಕಡೆ ಕೂರಲ್ಲ, ಮೊಂಡಿ" ಎಂದಳು ಅಮ್ಮ. ನೋಡೋಣ.

ಬೇಸಿಗೆ ಬಂತು, ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಅಮ್ಮನ ಮೂಲಕ ಹೇಳಿಕಳಿಸುವುದನ್ನು ಬಿಟ್ಟು ನನಗೇ ಬರೆಯಿರಿ, ಈಗ ಓದಬಲ್ಲೆ. ಆಶೀರ್ವಾದ ಕೇಳುತ್ತಿದ್ದೇನೆ. ಅಪ್ಪಣೆ ಕೇಳುತ್ತಿಲ್ಲ.

ನಿಮ್ಮ ಮಗಳು,
ಶ್ರೀರಕ್ಷಾ

ಮರೆತ ಮಾತು: ಇಲ್ಲಿಂದ ಮುಂದಿನದನ್ನು ಆಂಟಿಗೆ ತೋರಿಸಿಲ್ಲ. ತಪ್ಪಿದ್ದರೆ ಇರಲಿ. ಮರೆತದ್ದೂ ಅಲ್ಲ.

ಆ ಶನಿವಾರ ಹಾಸ್ಟೆಲಿನಿಂದ ತಪ್ಪಿಸಿಕೊಂಡು ಆಟೋ ಹಿಡಿದು ನಿಮ್ಮ ಮನೆಗೆ ಬಂದೆನಲ್ಲ, ದಾರಿಯುದ್ದಕ್ಕೂ ನನಗೆ ಹೆದರಿಕೆಯೇ ಆಗಲಿಲ್ಲ. ಬಾಗಿಲು ತೆಗೆದು ನೀವು ಏನು ಹೇಳುತ್ತೀರಿ ಎಂಬುದು ಬಾಯಿಪಾಠವಾಗಿತ್ತು. ನೀವು ಅರ್ಧ ಬಾಗಿಲು ತೆಗೆದು, ಚಿಲಕದ ಮೇಲಿನ ಕೈ ತೆಗೆಯದೆ, "ಯಾಕ್ ಬಂದೆ? ಸೋಮವಾರ ಟೆಸ್ಟ್ ಐತಲ್ಲ" ಎಂದಿರಿ. ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಬಂದ ಆಟೋದಲ್ಲೇ ವಾಪಸ್ಸು ಕಳಿಸಿದಿರಿ. ವಾರದ ನಂತರ ಮತ್ತೆ ತಪ್ಪಿಸಿಕೊಂಡಾಗ ಅಮ್ಮನ ಹತ್ತಿರ ಬಂದೆ.

ಮಂಗಳಗಿರಿಗೆ ವಿಜಯವಾಡದಲ್ಲಿ ಇಳಿದು ಬಸ್ಸು ಹಿಡಿಯಬೇಕು. ನಿಮ್ಮ ಮನೆ ಸ್ಟೇಷನ್ನಿಗೆ ಹತ್ತಿರವೇ. ಬರುವುದಿಲ್ಲ.

ನಾಳೆ ಬೆಳಗಿನ ರೈಲಿಗೆ ಹೊರಡುತ್ತೇನೆ.